ಅನುಮಾನ ಮ್ಯಾಕ್ ಮೇಲೆ, ತಪ್ಪು ಸ್ವಿಚ್ಚಿನಲ್ಲಿ

ನಮ್ಮಲ್ಲಿ ಸುಮಾರು ಮೂವತ್ತು ವಿಂಡೋಸ್, ಏಳೆಂಟು ಮ್ಯಾಕ್. ಫೈಲ್‌ಗಳಿಗೆ ಒಂದು ಲಿನಕ್ಸ್ ಸರ್ವರ್, ಅದರಲ್ಲಿ ಸಾಂಬಾ, ಅಂದರೆ ವಿಂಡೋಸ್, ಮ್ಯಾಕ್‌ಗಳ ಜೊತೆ ಫೈಲ್ ಹಂಚುವ ತಂತ್ರಾಂಶ. ಫೈಲ್ ತೆರೆಯುವುದು ತೀರಾ ನಿಧಾನವಾಗಿತ್ತು. ಮ್ಯಾಕ್‌ಗಳು ಬಂದ ಮೇಲೇ ನೆಟ್‌ವರ್ಕ್ ಕೆಟ್ಟಿತು ಅಂತ ಎಲ್ಲರ ವಾದ. ನಾನು ಒಪ್ಪಲಿಲ್ಲ. ವಿಂಡೋಸ್‌ನಲ್ಲೂ ದೊಡ್ಡ ಫೈಲ್ ತೆರೆಯುವಾಗ ಅದೇ ಗೋಳು ಇತ್ತಲ್ವಾ?

ಆದರೂ ಮೂರು ವಾರ ನಾನೂ ತಪ್ಪು ಜಾಗದಲ್ಲೇ ಹುಡುಕಿದೆ. ಹಳೆಯ ಸಲಹೆ ನೋಡಿ ಸಾಂಬಾದ ಸಾಕೆಟ್ ಬಫರನ್ನು (ಹೋಗಿಬರುವ ಡೇಟಾ ಸ್ವಲ್ಪ ಹೊತ್ತು ನಿಲ್ಲುವ ಜಾಗ) 8192 ಬೈಟ್‌ಗೆ ಕಟ್ಟಿದೆ. ಇನ್ನೂ ನಿಧಾನವಾಯಿತು. ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಬಫರ್ ಹಿಗ್ಗಿಸಿಕೊಳ್ಳುತ್ತದೆ, ಅದಕ್ಕೆ ನಾವು ಕೈ ಹಾಕಬಾರದು. ಆಮೇಲೆ ಹೊಸ ಡಿಸ್ಕ್‌ಗಳನ್ನು ಕೊಡಿಸಿದೆ. ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಖರ್ಚು, ಫಲ ಸೊನ್ನೆ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಫೈಲ್‌ಗಳ ಸಹವಾಸ ಬಿಟ್ಟು ಬರೀ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸಿದೆ. ಸರ್ವರ್ ಕಡೆಗೆ ಸೆಕೆಂಡಿಗೆ 60 ಮೆಗಾಬಿಟ್ ಆಸುಪಾಸು. ದೊಡ್ಡಕ್ಷರದ 'ಆರ್' ಆಯ್ಕೆ ಕೊಟ್ಟು ದಿಕ್ಕು ತಿರುಗಿಸಿದರೆ ಬರೀ 3! ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಸಣ್ಣ ಪರೀಕ್ಷೆ) ಮಾತ್ರ ಅಚ್ಚುಕಟ್ಟು. ಲೋಡ್ ಇಲ್ಲದಾಗ ಈ ರೋಗ ಕಾಣುವುದೇ ಇಲ್ಲ. ಸರ್ವರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಸ್ಥಿತಿ ತೋರಿಸುವ ಇಥ್‌ಟೂಲ್ ನೋಡಿದೆ: 100 ಮೆಗಾಬಿಟ್, ಹಾಫ್ ಡುಪ್ಲೆಕ್ಸ್, ಅಂದರೆ ಒಮ್ಮೆಗೆ ಒಂದೇ ದಿಕ್ಕು. ಕೇಬಲ್‌ಗಳೆಲ್ಲ ಸೇರುವ ಸ್ವಿಚ್ಚಿನಲ್ಲಿ, ಸರ್ವರ್ ಪೋರ್ಟಿನಲ್ಲಿ ಸಿಆರ್‌ಸಿ ಎರರ್ (ಕೆಟ್ಟು ಬಂದ ಡೇಟಾ) ಸಾವಿರಗಟ್ಟಲೆ. ಹಳೆಯ ಸರ್ವರಿಗಾಗಿ ಯಾರೋ ಆ ಪೋರ್ಟನ್ನು 100 ಫುಲ್‌ಗೆ (ಒಮ್ಮೆಗೇ ಎರಡೂ ದಿಕ್ಕು) ಲಾಕ್ ಮಾಡಿದ್ದರು. ಹೊಸ ಸರ್ವರ್ ಆಟೋದಲ್ಲಿತ್ತು, ಅಂದರೆ ಎದುರಿನ ಪೋರ್ಟ್ ಜೊತೆ ಮಾತಾಡಿ ವೇಗ, ಡುಪ್ಲೆಕ್ಸ್ ಆರಿಸಿಕೊಳ್ಳುವ ಸ್ಥಿತಿ. ಎದುರಿನ ಪೋರ್ಟ್ ಮಾತಾಡದಿದ್ದರೆ ಆಟೋ ಕಡೆಗೆ ವೇಗ ಗೊತ್ತಾಗುತ್ತದೆ, ಡುಪ್ಲೆಕ್ಸ್ ಗೊತ್ತಾಗುವುದಿಲ್ಲ. ಹಾಗಾಗಿ ಹಾಫ್‌ಗೆ ಇಳಿಯುತ್ತದೆ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್ ಆದರೆ ಡೇಟಾ ಡಿಕ್ಕಿ ಹೊಡೆದು ಕೆಡುತ್ತದೆ. ಹೊಸ ಸರ್ವರ್ ಬಂದದ್ದೂ ಮ್ಯಾಕ್‌ಗಳು ಬಂದ ವಾರವೇ. ಪಾಪ, ಮ್ಯಾಕ್‌ಗಳಿಗೆ ಸುಮ್ನೆ ಕೆಟ್ಟ ಹೆಸರು.

ಪೋರ್ಟನ್ನು ಆಟೋ ಮಾಡಿದೆ. ಎರಡೂ ದಿಕ್ಕಿನಲ್ಲಿ 940 ಮೆಗಾಬಿಟ್ ಹತ್ತಿರ ಬಂತು. ಬೈದವರನ್ನೇ ಕರೆದು ತೋರಿಸಿದೆ!

ಆ ಹುಮ್ಮಸ್ಸಿನಲ್ಲಿ ಜಂಬೋ ಫ್ರೇಮ್ (ಒಂದು ಸಲಕ್ಕೆ 1500 ಬೈಟ್ ಬದಲು 9000 ಬೈಟ್‌ನ ಡೇಟಾ ಕಂತೆ) ಕೂಡ ಹಾಕಿ ನೋಡಿದೆ. ಹಳೆಯ ಪ್ರಿಂಟರ್, ಎರಡು ವಿಂಡೋಸ್ ಮೆಷಿನ್ ಕೈಕೊಟ್ಟವು. ಎಲ್ಲ ಸಾಧನಗಳೂ ಒಂದೇ ಅಳತೆಗೆ ಬಾರದಿದ್ದರೆ ಅದು ಬೇಡ. ಅರ್ಧ ದಿನದಲ್ಲೇ 1500ಕ್ಕೆ ವಾಪಸ್.

ಒಂದು ಫೋಲ್ಡರ್ ಮಾತ್ರ ಇನ್ನೂ ತೆವಳುತ್ತಿತ್ತು. ಅದರಲ್ಲಿ ನಲವತ್ತು ಸಾವಿರದಷ್ಟು ಚಿತ್ರಗಳು. ಹೊಸ ಫೈಲ್ ಸೇವ್ ಮಾಡಿದಾಗಲೆಲ್ಲ, ದೊಡ್ಡಕ್ಷರ ಸಣ್ಣಕ್ಷರ ಬೇರೆಯಾಗಿ ಅದೇ ಹೆಸರು ಇದೆಯೇ ಅಂತ ಸಾಂಬಾ ಇಡೀ ಫೋಲ್ಡರ್ ಜಾಲಾಡುತ್ತದೆ. ಹೆಸರುಗಳನ್ನೆಲ್ಲ ಸಣ್ಣಕ್ಷರಕ್ಕೆ ಬದಲಿಸಿದೆ. ಸಾಂಬಾ ಸೆಟ್ಟಿಂಗ್‌ನಲ್ಲಿ ಆ ಶೇರ್‌ಗೆ (ಹಂಚಿದ ಫೋಲ್ಡರಿಗೆ) ಕೇಸ್ ಸೆನ್ಸಿಟಿವ್ ಯೆಸ್, ಡೀಫಾಲ್ಟ್ ಕೇಸ್ ಲೋಯರ್, ಪ್ರಿಸರ್ವ್ ಕೇಸ್ ನೋ, ಶಾರ್ಟ್ ಪ್ರಿಸರ್ವ್ ಕೇಸ್ ನೋ ಕೊಟ್ಟೆ. ಈಗ ಸಾಂಬಾ ಜಾಲಾಡದೆ ನೇರ ಸಣ್ಣಕ್ಷರದ ಹೆಸರನ್ನೇ ನೋಡುತ್ತದೆ. ನಾಲ್ಕೈದು ಸೆಕೆಂಡ್ ಹಿಡಿಯುತ್ತಿದ್ದ ಸೇವ್ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹೆಸರು ಬದಲಿಸುವುದನ್ನು ಮರೆತು ಸೆಟ್ಟಿಂಗ್ ಮಾತ್ರ ಹಾಕಿದರೆ ಹಳೆಯ ಫೈಲ್‌ಗಳು ತೆರೆಯುವುದಿಲ್ಲ, ಜೋಪಾನ.

ಈಗ ಪ್ರತಿ ರಾತ್ರಿ ಎಲ್ಲ ಪೋರ್ಟ್‌ಗಳ ಎರರ್ ಎಣಿಕೆ ನನ್ನ ಮೇಲ್‌ಗೆ ಬರುತ್ತದೆ. ಆ ಸ್ಕ್ರಿಪ್ಟ್ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.