ಹಳೆಯ ಕಾರು ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ: ದಾಖಲೆ, ತಪಾಸಣೆ ಮತ್ತು ಖರ್ಚಿನ ಲೆಕ್ಕ

ಕರ್ನಾಟಕದಲ್ಲಿ ಹೊಸ ಕಾರು ಕೊಳ್ಳುವವರ ಜೇಬಿಗೆ ಹೆಚ್ಚು ಭಾರವಾಗುವುದು ಜೀವಿತಾವಧಿ ತೆರಿಗೆ. ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲಾದರೆ ಶೇ 18ರಂತೆ ಲೆಕ್ಕ ಹಾಕಿ, ಅದರ ಮೇಲೆ ಸೆಸ್ಸನ್ನೂ ಸೇರಿಸಿ, ನೋಂದಣಿಯ ಹೊತ್ತಿಗೇ ಇಡೀ ಮೊತ್ತವನ್ನು ಕಟ್ಟಬೇಕಾಗುತ್ತದೆ. ಇದೇ ರಾಜ್ಯದಲ್ಲಿ ನೋಂದಣಿಯಾದ ಹಳೆಯ ಕಾರನ್ನು ಕೊಂಡರೆ ಈ ತೆರಿಗೆಯನ್ನು ಮೊದಲ ಮಾಲೀಕರು ಆಗಲೇ ಕಟ್ಟಿರುತ್ತಾರೆ. ಹೆಸರು ಬದಲಾಯಿಸಿಕೊಳ್ಳುವಾಗ ಅದನ್ನು ಮತ್ತೆ ಕಟ್ಟಬೇಕಾಗಿಲ್ಲ. ಇದರ ಜೊತೆಗೆ ಕಾರಿನ ಮೌಲ್ಯ ಮೊದಲ ವರ್ಷಗಳಲ್ಲೇ ವೇಗವಾಗಿ ಇಳಿಯುತ್ತದೆ. ವಿಮಾ ಕಂಪನಿಗಳು ಬಳಸುವ ಸವಕಳಿ ಪಟ್ಟಿಯಲ್ಲಿ ಒಂದರಿಂದ ಎರಡು ವರ್ಷದ ಕಾರಿಗೆ ಶೇ 20ರಷ್ಟು, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ 50ರಷ್ಟು ಮೌಲ್ಯವನ್ನು ಕಳೆಯಲಾಗುತ್ತದೆ. ಮಾರುಕಟ್ಟೆಯ ದರ ಈ ಪಟ್ಟಿಯನ್ನೇ ಅನುಸರಿಸುವುದಿಲ್ಲವಾದರೂ, ನಾಲ್ಕರಿಂದ ಏಳು ವರ್ಷದ ಒಂದು ಒಳ್ಳೆಯ ಕಾರು ಮಧ್ಯಮ ವರ್ಗದ ಕುಟುಂಬಕ್ಕೆ ಏಕೆ ಹೆಚ್ಚು ಹೊಂದುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಹಳೆಯ ಕಾರಿನ ವ್ಯವಹಾರದಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುವವರಲ್ಲಿ ಹೆಚ್ಚಿನವರು ಎಂಜಿನ್ನಿನ ದೋಷದಿಂದಲ್ಲ, ದಾಖಲೆಯ ದೋಷದಿಂದ ಸಿಕ್ಕಿಕೊಳ್ಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಟ್ಟ ಕ್ಲಚ್ಚನ್ನು ಒಂದು ದಿನದಲ್ಲಿ ಬದಲಾಯಿಸಬಹುದು. ಸಾಲದ ನಮೂದು ಅಳಿಯದ ಅಥವಾ ತೀರಿಕೊಂಡವರ ಹೆಸರಿನಲ್ಲೇ ಉಳಿದ ಆರ್‌ಸಿಯನ್ನು (ನೋಂದಣಿ ಪತ್ರವನ್ನು) ಸರಿಪಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಆದ್ದರಿಂದ ಕಾರಿನ ಬಣ್ಣಕ್ಕೆ ಮನಸೋಲುವ ಮೊದಲೇ ಅದರ ಕಾಗದಪತ್ರಗಳನ್ನು ನೋಡಬೇಕು.

ಕಾಗದಪತ್ರಗಳು

ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಎಂ-ಪರಿವಾಹನ್ ಆ್ಯಪಿನಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ಹುಡುಕಿದರೆ ನೋಂದಣಿಯ ದಿನಾಂಕ, ಇಂಧನದ ಬಗೆ, ವಿಮೆಯ ಅವಧಿ, ಹೊಗೆ ತಪಾಸಣೆಯ ಅವಧಿ, ಸಾಲದ ನಮೂದು ಇವೆಲ್ಲ ಮೇಲ್ನೋಟಕ್ಕೆ ತಿಳಿಯುತ್ತವೆ. ಮಾತುಕತೆ ಮುಂದುವರಿದರೆ ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ವಾಹನದ ನೋಂದಣಿ ವಿವರಗಳ ಅಧಿಕೃತ ನಕಲು, ತರಿಸಿಕೊಡುವಂತೆ ಮಾರುವವರನ್ನು ಕೇಳುವುದು ಒಳ್ಳೆಯದು. ಆರ್‌ಸಿಯಲ್ಲಿರುವ ಶಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಕಾರಿನ ಮೇಲೆ ಕೆತ್ತಿರುವ ಸಂಖ್ಯೆಯೊಂದಿಗೆ ಒಂದೊಂದೇ ಅಕ್ಷರವಾಗಿ ಹೋಲಿಸಬೇಕು. ಶಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಆ ಜಾಗದಲ್ಲಿ ಉಜ್ಜಿದ, ಬೆಸುಗೆ ಹಾಕಿದ ಅಥವಾ ಹೊಸದಾಗಿ ಬಣ್ಣ ಬಳಿದ ಗುರುತು ಕಂಡರೆ ಎಷ್ಟೇ ಅಗ್ಗವಾದರೂ ಆ ಕಾರನ್ನು ಕೊಳ್ಳಬಾರದು.

ಸಾಲದಲ್ಲಿ ಕೊಂಡ ಕಾರಾಗಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ದಾಖಲಾಗಿರುತ್ತದೆ. ಕಂತುಗಳೆಲ್ಲ ತೀರಿದ ಮಾತ್ರಕ್ಕೆ ಈ ನಮೂದು ತಾನಾಗಿ ಅಳಿಯುತ್ತದೆ ಎಂದು ಅನೇಕ ಮಾಲೀಕರು ನಂಬಿರುತ್ತಾರೆ. ಬ್ಯಾಂಕು ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಹಿ ಮಾಡಿದ ಫಾರಂ 35 ಆರ್‌ಟಿಒಗೆ ತಲುಪಿದ ಮೇಲಷ್ಟೇ ಅದು ತೆಗೆದುಹಾಕಲ್ಪಡುತ್ತದೆ. ಆ ಕೆಲಸವನ್ನು ಮಾರುವವರೇ ಮುಗಿಸಿಕೊಡಲಿ, ಅಥವಾ ಅದು ಮುಗಿಯುವವರೆಗೆ ಬೆಲೆಯ ಒಂದು ಭಾಗವನ್ನು ನೀವು ಉಳಿಸಿಕೊಳ್ಳಿ.

ಮನೆಯ ಹಿರಿಯರು ತೀರಿಕೊಂಡ ನಂತರ ಅವರ ಕಾರನ್ನು ಮಕ್ಕಳು ಮಾರುವುದು ಸಾಮಾನ್ಯ. ಇಂಥ ಸಂದರ್ಭದಲ್ಲಿ ವಾರಸುದಾರರು ಫಾರಂ 31ರ ಮೂಲಕ ಮೊದಲು ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿರಬೇಕು. ಹಳೆಯ ಸಹಿಯಿರುವ ಫಾರಮ್ಮುಗಳನ್ನು ತೋರಿಸಿ ಇದು ಸಾಕು ಎಂದು ಬ್ರೋಕರುಗಳು ಹೇಳಿದರೆ ಒಪ್ಪಬೇಡಿ; ತೀರಿಕೊಂಡವರ ಹೆಸರಿನ ಸಹಿಯಿಂದ ನಡೆದ ವರ್ಗಾವಣೆ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಹೊರರಾಜ್ಯದ ಕಾರುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ದೆಹಲಿ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅಲ್ಲಿನ ಅನೇಕ ಡೀಸೆಲ್ ಕಾರುಗಳು ದಕ್ಷಿಣದ ಮಾರುಕಟ್ಟೆಗೆ ಅಗ್ಗವಾಗಿ ಬಂದವು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ಇರಿಸಿಕೊಂಡರೆ ಕೆಎ ನೋಂದಣಿ ಮಾಡಿಸಬೇಕು. ಅದಕ್ಕೆ ಆ ರಾಜ್ಯದಿಂದ ಫಾರಂ 28ರ ಎನ್‌ಒಸಿ ಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿನ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಈ ಎರಡನ್ನೂ ಬೆಲೆಗೆ ಸೇರಿಸಿ ನೋಡಿದರೆ ಅಗ್ಗವೆಂದು ಕಂಡ ಕಾರು ಬಹಳ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಬಾಕಿ ಇರುವ ಸಂಚಾರ ದಂಡವನ್ನು ನೋಂದಣಿ ಸಂಖ್ಯೆಯಿಂದ ಕರ್ನಾಟಕ ಒನ್ ಜಾಲತಾಣದಲ್ಲಿ ನೋಡಬಹುದು. ಸಂಖ್ಯಾಫಲಕವು ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಆಗಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ಗಮನಿಸಿ.

ಕಾರನ್ನು ನೋಡುವ ಕ್ರಮ

ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗಲೇ ಹೋಗಿ, ನೀವು ತಲುಪುವವರೆಗೆ ಕಾರನ್ನು ಸ್ಟಾರ್ಟ್ ಮಾಡಬಾರದೆಂದು ಮೊದಲೇ ತಿಳಿಸಬೇಕು. ಬಿಸಿಯಾದ ಎಂಜಿನ್ ಅನೇಕ ದೋಷಗಳನ್ನು ಮರೆಮಾಚುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಆಗಲು ತಡವಾದರೆ ಬ್ಯಾಟರಿ, ಸ್ಟಾರ್ಟರ್ ಅಥವಾ ಡೀಸೆಲ್ ಕಾರಿನಲ್ಲಿ ಗ್ಲೋ ಪ್ಲಗ್ಗಿನ ದೋಷವಿರಬಹುದು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರುವ ಸಂಭವವಿದೆ. ಈ ಎರಡೂ ದೊಡ್ಡ ಖರ್ಚಿನ ಸೂಚನೆಗಳು.

ಅಪಘಾತವಾದ ಕಾರನ್ನು ಗುರುತಿಸಲು ಬಾನೆಟ್, ಬಾಗಿಲು ಮತ್ತು ಡಿಕ್ಕಿಯ ಸಂದುಗಳು ಎರಡೂ ಬದಿಯಲ್ಲಿ ಒಂದೇ ಅಳತೆಯಲ್ಲಿವೆಯೇ ಎಂದು ಹಗಲು ಬೆಳಕಿನಲ್ಲಿ ನೋಡಬೇಕು. ಬಾನೆಟ್ ಮತ್ತು ಬಾಗಿಲಿನ ಕೀಲುಗಳ ಬೋಲ್ಟುಗಳ ಮೇಲೆ ಸ್ಪ್ಯಾನರ್ ತಾಗಿದ ಗುರುತಿದ್ದರೆ ಆ ಭಾಗವನ್ನು ಒಮ್ಮೆ ಬಿಚ್ಚಿದ್ದಾರೆ ಎಂದರ್ಥ. ಬಂಪರಿನ ಅಥವಾ ಬಾಗಿಲಿನ ಗೀರಿಗೆ ಬಣ್ಣ ಹೊಡೆಸಿರುವುದು ನಮ್ಮ ಊರುಗಳ ಸಂಚಾರದಲ್ಲಿ ಸಹಜ, ಅದಕ್ಕಾಗಿ ಕಾರನ್ನು ತಿರಸ್ಕರಿಸಬೇಕಿಲ್ಲ. ಎಂಜಿನ್ ಕೂರುವ ಮುಂಭಾಗದ ಚೌಕಟ್ಟಿನಲ್ಲಿ ಅಥವಾ ಬಾಗಿಲುಗಳ ನಡುವಿನ ಕಂಬದಲ್ಲಿ ಬೆಸುಗೆ ಕಂಡರೆ ಮಾತ್ರ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಮತ್ತು ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನೀರು ನುಗ್ಗಿ ಅನೇಕ ಕಾರುಗಳು ಮುಳುಗಿದವು. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲೂ ದೊಡ್ಡ ಪ್ರವಾಹ ಬಂದಿತ್ತು. ಇಂಥ ಕಾರುಗಳನ್ನು ತೊಳೆದು, ಒಣಗಿಸಿ, ಹೊಸ ಸೀಟ್ ಕವರ್ ಹಾಕಿ ಮಾರುವುದು ಸುಲಭ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಭಾಗದಲ್ಲಿ ಮಣ್ಣಿನ ಕಲೆಯಿದೆಯೇ ನೋಡಿ. ಕಾಲಡಿಯ ಕಾರ್ಪೆಟ್ ಎತ್ತಿ ಮುಗ್ಗಲು ವಾಸನೆ ಬರುತ್ತದೆಯೇ ಪರೀಕ್ಷಿಸಿ. ಸೀಟಿನ ಕೆಳಗಿನ ಹಳಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ ಮತ್ತು ಫ್ಯೂಸ್ ಪೆಟ್ಟಿಗೆಯಲ್ಲಿ ತುಕ್ಕು ಅಥವಾ ಕೆಸರಿನ ಪುಡಿ ಇದೆಯೇ ಗಮನಿಸಿ. ಮುಳುಗಿದ ಕಾರಿನ ವೈರಿಂಗ್ ಮತ್ತು ಕಂಪ್ಯೂಟರ್ ಘಟಕಗಳು ತಿಂಗಳುಗಳ ನಂತರ ಒಂದೊಂದಾಗಿ ಕೈಕೊಡುತ್ತವೆ, ಆ ದೋಷಗಳನ್ನು ಹುಡುಕಿ ಸರಿಪಡಿಸುವುದು ಅನುಭವಿ ಮೆಕ್ಯಾನಿಕ್‌ಗೂ ಕಷ್ಟ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳ ಕಾರಾದರೆ ಉಪ್ಪುಗಾಳಿಯಿಂದಾಗುವ ತುಕ್ಕಿಗಾಗಿ ತಳಭಾಗವನ್ನು ಲಿಫ್ಟಿನ ಮೇಲೇರಿಸಿ ನೋಡುವುದು ಅಗತ್ಯ.

ಓಡಿದ ಕಿಲೋಮೀಟರನ್ನು ಮೀಟರಿನಿಂದ ಮಾತ್ರ ನಂಬಬೇಡಿ, ಏಕೆಂದರೆ ಅದನ್ನು ಹಿಂದಕ್ಕೆ ತಿರುಗಿಸುವುದು ಕಷ್ಟವಲ್ಲ. ಕಂಪನಿ ಸರ್ವಿಸ್ ಕೇಂದ್ರದಲ್ಲಿ ದಾಖಲಾದ ಸರ್ವಿಸ್ ಇತಿಹಾಸವನ್ನು ಕೇಳಿ ಪಡೆದು ತಾಳೆ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ: 2321 ಎಂದಿದ್ದರೆ ಅದು 2021ನೇ ಇಸವಿಯ 23ನೇ ವಾರ ತಯಾರಾದ ಟೈರು. 25 ಸಾವಿರ ಕಿಲೋಮೀಟರ್ ತೋರಿಸುವ ಕಾರಿನಲ್ಲಿ ನಾಲ್ಕೂ ಟೈರುಗಳು ಕಾರಿಗಿಂತ ತೀರಾ ಹೊಸವಾಗಿದ್ದರೆ, ಅಥವಾ ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಕಾರಣ ಕೇಳಬೇಕು. ಟೈರಿನ ಮೇಲ್ಮೈಯ ತೋಡುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಹೊಸ ಟೈರಿನ ವೆಚ್ಚವನ್ನು ಬೆಲೆಯಲ್ಲಿ ಕಳೆಯುವಂತೆ ಕೇಳಿ.

ಓಡಿಸಿ ನೋಡುವಾಗ ಹದಿನೈದು ಇಪ್ಪತ್ತು ಕಿಲೋಮೀಟರ್ ಆದರೂ ಓಡಿಸಬೇಕು. ಅದರಲ್ಲಿ ಉಬ್ಬುತಗ್ಗಿನ ರಸ್ತೆ, ಏರು ಮತ್ತು ವೇಗವಾಗಿ ಹೋಗಬಹುದಾದ ರಸ್ತೆ ಮೂರೂ ಇರಲಿ. ಕೊನೆಗೆ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ಹಣ ಕೊಟ್ಟು ಕಾರಿನ ಕಂಪ್ಯೂಟರಿಗೆ ಜೋಡಿಸುವ ಒಬಿಡಿ ಸ್ಕ್ಯಾನರಿನಿಂದ ದೋಷ ಸಂಕೇತಗಳನ್ನು ಓದಿಸಿ. ಮಾರುವವರು ತೋರಿಸಿದ ಮೆಕ್ಯಾನಿಕ್‌ನ ಮಾತಿನ ಮೇಲೆ ನಿರ್ಧಾರ ಮಾಡುವುದು ಸರಿಯಲ್ಲ.

ಹೆಸರು ಬದಲಾವಣೆ ಮತ್ತು ವಿಮೆ

ಹಣ ಕೈಬದಲಾದ ದಿನವೇ ಮಾರುವವರು ಮಾರಾಟವನ್ನು ತಿಳಿಸುವ ಫಾರಂ 29ಕ್ಕೆ, ಇಬ್ಬರೂ ಹೆಸರು ವರ್ಗಾವಣೆಯ ಅರ್ಜಿಯಾದ ಫಾರಂ 30ಕ್ಕೆ ಸಹಿ ಮಾಡಿ, ದಿನಾಂಕ ಮತ್ತು ಸಮಯ ಬರೆದ ಮಾರಾಟ ಪತ್ರದ ಪ್ರತಿಯನ್ನು ಇಬ್ಬರೂ ಇಟ್ಟುಕೊಳ್ಳಬೇಕು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಹೇಳುತ್ತದೆ. ಇದು ಮಾರುವವರಿಗೇ ಹೆಚ್ಚು ಮುಖ್ಯ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದೂ, ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ ಬರುತ್ತದೆಂದೂ ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಖಾಲಿ ಫಾರಮ್ಮಿಗೆ ಸಹಿ ಮಾಡಿ ಬ್ರೋಕರಿನ ಕೈಗೆ ಕೊಟ್ಟು ಕಾರನ್ನು ಮರೆತವರು, ಮೂರನೆಯ ಕೈಯಲ್ಲಿ ನಡೆದ ಅಪಘಾತಕ್ಕಾಗಿ ನ್ಯಾಯಾಲಯಕ್ಕೆ ಹೋಗಬೇಕಾದೀತು. ಡೀಲರಿಗೆ ಮಾರುವುದಾದರೆ ಅವರು ಆರ್‌ಟಿಒ ಅಧಿಕೃತರೇ ಎಂದು ವಿಚಾರಿಸಿ, ಕಾರನ್ನು ಒಪ್ಪಿಸಿದ ಬಗ್ಗೆ ಫಾರಂ 29ಸಿ ಸಲ್ಲಿಕೆಯಾಗುವಂತೆ ನೋಡಿಕೊಳ್ಳಬೇಕು.

ವಿಮೆಯಲ್ಲಿ ಮೂರನೆಯವರಿಗೆ, ಅಂದರೆ ನಿಮ್ಮ ಕಾರಿನಿಂದ ಹಾನಿಗೊಳಗಾದ ಇತರರಿಗೆ, ಸಂಬಂಧಿಸಿದ ಭಾಗ ಕಾರಿನೊಂದಿಗೇ ಹೊಸ ಮಾಲೀಕರಿಗೆ ದಾಟುತ್ತದೆ. ಸ್ವಂತ ಕಾರಿನ ಹಾನಿಗೆ ಪರಿಹಾರ ಬೇಕಾದರೆ ಮಾತ್ರ ಪಾಲಿಸಿ ನಿಮ್ಮ ಹೆಸರಿಗೆ ಬರಬೇಕು. ಅದಕ್ಕಾಗಿ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಕಾರಿಗೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ 50ರವರೆಗೆ ಏರಿರುತ್ತದೆ, ಹೀಗಾಗಿ ಮಾರುವವರು ಅದನ್ನು ಉಳಿಸಿಕೊಂಡು ತಮ್ಮ ಮುಂದಿನ ಕಾರಿಗೆ ಬಳಸುವುದು ಲಾಭಕರ, ಕೊಳ್ಳುವವರು ಹೊಸದಾಗಿ ಆರಂಭಿಸಬೇಕು.

ಕೊಂಡ ಮೇಲಿನ ಖರ್ಚು

ಕೈಯಲ್ಲಿರುವ ಹಣವನ್ನೆಲ್ಲ ಕಾರಿನ ಬೆಲೆಗೇ ಸುರಿಯದೆ, ಬೆಲೆಯ ಹತ್ತನೇ ಒಂದು ಭಾಗವನ್ನಾದರೂ ಮೊದಲ ತಿಂಗಳ ದುರಸ್ತಿಗೆಂದು ಎತ್ತಿಡಿ. ಹಿಂದಿನ ಮಾಲೀಕರು ಈಗಷ್ಟೇ ಸರ್ವಿಸ್ ಮಾಡಿಸಿದ್ದೇವೆ ಎಂದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್ ಮತ್ತು ಕೂಲೆಂಟನ್ನು ಒಮ್ಮೆ ಬದಲಾಯಿಸಿಬಿಟ್ಟರೆ ಮುಂದಿನ ಲೆಕ್ಕ ನಿಮ್ಮದೇ ಆಗುತ್ತದೆ. ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದ್ದರೆ ಅದನ್ನು ಯಾವಾಗ ಬದಲಾಯಿಸಿದ್ದಾರೆ ಎಂಬುದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಭಾವಿಸಿ, ಏಕೆಂದರೆ ಓಡುವಾಗ ಅದು ತುಂಡಾದರೆ ವಾಲ್ವ್ ಬಾಗಿ ಎಂಜಿನ್ನನ್ನೇ ಬಿಚ್ಚಬೇಕಾಗುವ ಸಂಭವವಿದೆ.

ಇಂಧನದ ಲೆಕ್ಕ ಸರಳವಾದದ್ದು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರಿಗೆ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ, ಪೆಟ್ರೋಲ್ ದರ 100 ರೂಪಾಯಿ ಎಂದು ಹಿಡಿದರೆ ಸುಮಾರು 6,700 ರೂಪಾಯಿ ಬೇಕು. ನಗರದ ದಟ್ಟಣೆಯಲ್ಲಿ ಮೈಲೇಜ್ 10ಕ್ಕೆ ಇಳಿದರೆ ಅದೇ ದೂರಕ್ಕೆ 10,000 ರೂಪಾಯಿ. ದಿನಕ್ಕೆ ಏಳೆಂಟು ಕಿಲೋಮೀಟರ್ ಮಾತ್ರ, ಅದೂ ನಗರದೊಳಗೇ ಓಡಿಸುವವರು 2020ರ ಏಪ್ರಿಲ್ ನಂತರದ, ಬಿಎಸ್6 ಎಂಬ ಹೊಗೆ ನಿಯಂತ್ರಣ ಮಾನದಂಡದ ಡೀಸೆಲ್ ಕಾರನ್ನು ಕೊಳ್ಳದಿರುವುದು ಮೇಲು. ಅದರ ಡಿಪಿಎಫ್ ಎಂಬ ಮಸಿ ಸೋಸುವ ಭಾಗ ಸ್ವಚ್ಛವಾಗಬೇಕಾದರೆ ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಬೇಕು. ಇಲ್ಲದಿದ್ದರೆ ಅದು ಕಟ್ಟಿಕೊಂಡು ದುಬಾರಿ ದುರಸ್ತಿ ಬರುತ್ತದೆ. ಕಾರಿಗೆ 15 ವರ್ಷ ತುಂಬುವಾಗ ನೋಂದಣಿ ನವೀಕರಣ ಶುಲ್ಕ ಮತ್ತು ಹಸಿರು ತೆರಿಗೆ ಎದುರಾಗುತ್ತವೆ ಎಂಬುದನ್ನು 12 ವರ್ಷದ ಕಾರು ಕೊಳ್ಳುವವರು ಮರೆಯಬಾರದು. ಹೊಗೆ ತಪಾಸಣೆಯ ಪ್ರಮಾಣಪತ್ರ ಬಿಎಸ್4 ಮತ್ತು ಬಿಎಸ್6 ಕಾರುಗಳಿಗೆ ಒಂದು ವರ್ಷ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ.

ವಾರಂಟಿ ಮುಗಿದ ಮೇಲೆ ಒಳ್ಳೆಯ ಸ್ಥಳೀಯ ಗ್ಯಾರೇಜಿನಲ್ಲಿ ಕೆಲಸ ಮಾಡಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲಿ ಕೊಟ್ಟರೂ ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಿರಿ, ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ವಾಪಸ್ ಕೊಡಲು ಮೊದಲೇ ಹೇಳಿ, ಬಿಲ್ಲುಗಳನ್ನು ಜೋಡಿಸಿಡಿ. ಮುಂದೆ ನೀವು ಮಾರುವಾಗ ಆ ಬಿಲ್ಲುಗಳೇ ನಿಮ್ಮ ಬೆಲೆಯನ್ನು ಕಾಯುತ್ತವೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ವೆಚ್ಚದಲ್ಲಿ ಶೇ 50ರಷ್ಟನ್ನು ಕಡಿತ ಮಾಡಲಾಗುವುದರಿಂದ, ಕಾರಿನ ವಯಸ್ಸಿಗೆ ಸಿಗುವುದಾದರೆ ಈ ಸವಕಳಿ ಕಡಿತವಿಲ್ಲದ ಜೀರೋ ಡಿಪ್ರಿಸಿಯೇಷನ್ ಹೆಚ್ಚುವರಿ ವಿಮೆಯನ್ನು ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ನೀರು ನಿಲ್ಲುವ ಪ್ರದೇಶದಲ್ಲಿ ವಾಸಿಸುವವರು ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನೂ ಪಡೆಯಬೇಕು, ಮತ್ತು ನೀರಿನಲ್ಲಿ ಕಾರು ನಿಂತುಹೋದರೆ ಯಾವ ಕಾರಣಕ್ಕೂ ಮತ್ತೆ ಸ್ಟಾರ್ಟ್ ಮಾಡದೆ, ಫೋಟೊ ತೆಗೆದುಕೊಂಡು, ವಿಮಾ ಕಂಪನಿಗೆ ಕರೆ ಮಾಡಿ ಟೋಯಿಂಗ್ ವಾಹನದಲ್ಲೇ ಗ್ಯಾರೇಜಿಗೆ ಸಾಗಿಸಬೇಕು.