ಒರಟು ಎಲ್ಲಿ, ನುಣುಪು ಎಲ್ಲಿ: ತೈಲಚಿತ್ರದ ಮೈವಳಿಕೆಯ ನನ್ನ ಅನುಭವ

ಮೈವಳಿಕೆ (ಟೆಕ್ಸ್ಚರ್) ಎಂದರೆ ಮೇಲ್ಮೈಯ ಒರಟು-ನುಣುಪಿನ ಗುಣ. ಆದರೆ ಒರಟು ಗೋಡೆಯನ್ನು ಬರೆಯಲು ಒರಟು ಬಣ್ಣವೇ ಬೇಕೆಂದೇನೂ ಇಲ್ಲ. ಬಣ್ಣ ಎಲ್ಲಿ ದಪ್ಪವಾಗಿರಬೇಕು ಎಂಬುದನ್ನು ನಾನು ವಸ್ತುವನ್ನು ನೋಡಿ ನಿರ್ಧರಿಸುವುದಿಲ್ಲ, ಅದರ ಮೇಲೆ ಬಿದ್ದ ಬೆಳಕನ್ನು ನೋಡಿ ನಿರ್ಧರಿಸುತ್ತೇನೆ.

ಇತ್ತೀಚೆಗೆ ಮುಗಿಸಿದ ಚಿತ್ರದಲ್ಲಿ ಗಾರೆ ಉದುರಿದ ಗೋಡೆ, ಅದರ ಮುಂದೆ ತಾಮ್ರದ ಪಾತ್ರೆ ಮತ್ತು ಮಡಿಸಿಟ್ಟ ಉಣ್ಣೆಯ ಬಟ್ಟೆ ಇವೆ. ಗೋಡೆಯ ಬಹುಭಾಗ ನೆರಳಿನಲ್ಲಿತ್ತು. ಅಲ್ಲಿ ಬಣ್ಣವನ್ನು ದಪ್ಪವಾಗಿ ಮೆತ್ತಿದರೆ ಅದರ ಉಬ್ಬುಗಳು ಕೋಣೆಯ ಬೆಳಕನ್ನು ಹಿಡಿದು ಮಿನುಗುತ್ತವೆ, ಹಿಂದೆ ಸರಿಯಬೇಕಾದ ನೆರಳು ಮುಂದೆ ಬಂದು ನಿಲ್ಲುತ್ತದೆ. ಆದ್ದರಿಂದ ನೆರಳನ್ನೆಲ್ಲ ತೆಳುವಾದ, ಪಾರದರ್ಶಕ ಕಂದು ಬಣ್ಣದಲ್ಲಿ ಬರೆದು, ಬಿರುಕುಗಳನ್ನು ಕಣ್ಣಿನ ಭ್ರಮೆಗೇ ಬಿಟ್ಟೆ. ಬೆಳಕು ಎಡದಿಂದ ಬರುತ್ತಿದ್ದರೆ ಬಿರುಕಿನ ಎಡ ಒಳಮೈ ಕಪ್ಪಾಗಿರುತ್ತದೆ, ಬಲ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕಿರುತ್ತದೆ. ಆ ಎಳೆಯನ್ನು ಬಿಟ್ಟರೆ ಬಿರುಕು ಬರೀ ಗೆರೆಯಾಗಿ ಉಳಿಯುತ್ತದೆ.

ಬಿಸಿಲು ಬಿದ್ದ ಭಾಗಕ್ಕೆ ಮಾತ್ರ ಪ್ಯಾಲೆಟ್ ನೈಫ್ (ಬಣ್ಣ ಮೆತ್ತುವ ಬಳುಕುವ ಅಲಗು) ಹಿಡಿದೆ. ಟೈಟಾನಿಯಂ ವೈಟ್ ಎಂಬ ಬಿಳಿಗೆ ತುಸು ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ ಬೆರೆಸಿ, ಒಮ್ಮೆ ಒತ್ತಿ ಎತ್ತಿಬಿಡುತ್ತೇನೆ. ಮತ್ತೆ ಸವರಿದರೆ ಅದರ ಜೀವವೇ ಹೋಗುತ್ತದೆ. ದಪ್ಪ ಬಣ್ಣಕ್ಕೆ ಹೆಚ್ಚುವರಿ ಎಣ್ಣೆ ಸೇರಿಸುವುದಿಲ್ಲ. ಎಣ್ಣೆ ನೀರಿನಂತೆ ಆವಿಯಾಗದೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದರಿಂದ ಮೇಲೆ ಮೊದಲು ಕೆನೆ ಕಟ್ಟುತ್ತದೆ, ಎಣ್ಣೆ ಜಾಸ್ತಿಯಾದರೆ ಆ ಕೆನೆ ಸುಕ್ಕುಗಟ್ಟುತ್ತದೆ. ಉಬ್ಬುಗಳು ಚೆನ್ನಾಗಿ ಒಣಗಿದ ಮೇಲೆ ಬಹುತೇಕ ಒಣ ಬ್ರಷ್ಷಿನಲ್ಲಿ ಬೂದು ಬಣ್ಣ ಎಳೆದೆ. ಬಣ್ಣ ಉಬ್ಬಿನ ತುದಿಗಳಿಗೆ ಮಾತ್ರ ಅಂಟಿ, ತಗ್ಗುಗಳು ಹಾಗೇ ಉಳಿದವು. ನಿಜವಾದ ಮೈವಳಿಕೆ ಮತ್ತು ಭ್ರಮೆ ಒಂದಾಗುವ ಈ ಜಾಗ ನನಗೆ ಅತ್ಯಂತ ಪ್ರಿಯ.

ಉಣ್ಣೆಯ ಎಳೆಗಳನ್ನು ಬಟ್ಟೆಯ ತುಂಬ ಬರೆಯಲಿಲ್ಲ. ಬೆಳಕು ನೆರಳಿಗೆ ತಿರುಗುವ ಪಟ್ಟಿಯಲ್ಲಿ ಮೈವಳಿಕೆ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟು ಕಡೆ ಬರೆದರೆ ಉಳಿದದ್ದನ್ನು ಕಣ್ಣು ತಾನೇ ಪೂರೈಸಿಕೊಳ್ಳುತ್ತದೆ. ಕೆಲವು ಎಳೆಗಳನ್ನು ಬ್ರಷ್ಷಿನ ಹಿಡಿಯ ತುದಿಯಿಂದ ಹಸಿ ಬಣ್ಣದಲ್ಲಿ ಗೀರಿದೆ. ಸುಮಾರು 1628ರ ತನ್ನ ಸ್ವಚಿತ್ರದಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ ತಲೆಗೂದಲಿನ ಸುರುಳಿಗಳನ್ನು ಗೀರಿದ್ದು ಹೀಗೆಯೇ. ಅವನದೇ ‘ಯಹೂದಿ ವಧು’ ಚಿತ್ರದಲ್ಲಿ ಪುರುಷನ ತೋಳಿನ ಚಿನ್ನದ ಬಣ್ಣದ ಬಟ್ಟೆ ಹತ್ತಿರದಿಂದ ಬಣ್ಣದ ಹೆಂಟೆ, ದೂರದಿಂದ ವೈಭವ. ಇದಕ್ಕೆ ಪೂರ್ತಿ ವಿರುದ್ಧವಾಗಿ, 1434ರ ಆರ್ನೊಲ್ಫಿನಿ ಜೋಡಿಯ ಚಿತ್ರದಲ್ಲಿ ಫ್ಲೆಮಿಶ್ ಚಿತ್ರಕಾರ ಯಾನ್ ವ್ಯಾನ್ ಐಕ್ ತುಪ್ಪಳವನ್ನೂ ಹಿತ್ತಾಳೆಯ ದೀಪಗುಚ್ಛವನ್ನೂ ನುಣುಪಾದ ಮೈಯಲ್ಲೇ ಸಾಧಿಸಿದ. ತಾಮ್ರದ ಪಾತ್ರೆಗೆ ನಾನು ಅವನ ದಾರಿ ಹಿಡಿದೆ; ಅದರ ಅಂಚಿನ ಹೊಳಪು ಮಾತ್ರ ಒಂದು ದಪ್ಪ ಚುಕ್ಕೆ.

ಇಂಥ ಚಿತ್ರವನ್ನು ತೂಗುಹಾಕುವಾಗಲೂ ಎಚ್ಚರ ಬೇಕು. ಚಿತ್ರದೊಳಗಿನ ಬೆಳಕು ಎಡದಿಂದ ಬಂದಿದ್ದರೆ ಕೋಣೆಯ ಬೆಳಕೂ ಎಡದಿಂದಲೇ ಬೀಳಬೇಕು. ಇಲ್ಲವಾದರೆ ಉಬ್ಬುಗಳ ನಿಜವಾದ ನೆರಳು ಒಂದು ಕಡೆ, ಬರೆದ ನೆರಳು ಇನ್ನೊಂದು ಕಡೆ ಬಿದ್ದು ಎರಡೂ ಜಗಳಕ್ಕೆ ನಿಲ್ಲುತ್ತವೆ.