ರಸ್ತೆ ಬದಿಯ ಮಳಿಗೆ: ಕಾಲಂಗೆ ವಾಹನ ಗುದ್ದಿದರೂ ಕಟ್ಟಡ ನಿಲ್ಲಬೇಕಾದರೆ

ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಮಳಿಗೆಗಳ ಮೂಲೆಗೆ ಒರಸಿಕೊಂಡೇ ತಿರುಗುತ್ತವೆ. ಮೊದಲು ಲೆಕ್ಕ ನೋಡಿ. 20 ಟನ್ ತೂಕ ಗಂಟೆಗೆ 15 ಕಿ.ಮೀ. ವೇಗದಲ್ಲಿ ಬಂದು ಅರ್ಧ ಮೀಟರ್‌ನಲ್ಲಿ ನಿಂತರೆ ಸರಾಸರಿ 350 ಕಿಲೋನ್ಯೂಟನ್ (ಸುಮಾರು 35 ಟನ್ ಭಾರದಷ್ಟು) ಬಲ ಬೀಳುತ್ತದೆ. 3 ಮೀಟರ್ ಕಾಲಂಗೆ 1 ಮೀಟರ್ ಎತ್ತರದಲ್ಲಿ ಪೆಟ್ಟು ಬಿದ್ದರೆ ಅದರ ಸುಮಾರು ಮುಕ್ಕಾಲು ಪಾಲನ್ನು ಬುಡವೇ ಹೊರಬೇಕು, ಅಂದರೆ 260 ಕಿಲೋನ್ಯೂಟನ್. ಎಂ20 (ಸಾಮಾನ್ಯ ದರ್ಜೆಯ) ಕಾಂಕ್ರೀಟಿನ 9×12 ಇಂಚಿನ ಕಾಲಂಗೆ, ಉದ್ದ ಸರಳುಗಳನ್ನು ಸುತ್ತುವ 8 ಎಂಎಂ ರಿಂಗನ್ನು 200 ಎಂಎಂಗೊಂದರಂತೆ ಹಾಕಿದ್ದರೆ ಅದರ ಶಿಯರ್ ತಾಕತ್ತು, ಅಂದರೆ ಓರೆಯಾಗಿ ಸೀಳದೆ ತಡೆಯುವ ಶಕ್ತಿ, 80 ಕಿಲೋನ್ಯೂಟನ್ ಆಸುಪಾಸು ಮಾತ್ರ.

ನಿಧಾನಕ್ಕೆ ತಳ್ಳಿದರೆ ಕಾಲಂ ಪೂರ್ತಿ ಬಾಗುತ್ತದೆ. ಗಕ್ಕನೆ ಗುದ್ದಿದಾಗ ಮೇಲಿನ ಭಾಗಕ್ಕೆ ಅಲುಗಲೂ ಸಮಯ ಸಿಗುವುದಿಲ್ಲ. ಪೆಟ್ಟು ಬಿದ್ದ ಜಾಗದಿಂದ ಬುಡಕ್ಕೆ ಓರೆಯಾಗಿ ಸೀಳುತ್ತದೆ. ಹಾಗಾಗಿ ಬರೀ ಉದ್ದ ಸರಳು ಹೆಚ್ಚಿಸಿದರೆ ಉಪಯೋಗವಿಲ್ಲ. ಬಾಗುವ ಶಕ್ತಿ ಹೆಚ್ಚಿದಷ್ಟೂ ಶಿಯರ್‌ನಲ್ಲೇ ಮೊದಲು ಒಡೆಯುತ್ತದೆ. ಕೆಲಸಕ್ಕೆ ಬರುವುದು ರಿಂಗು.

ಹೊಸ ಕಾಲಂ 300×300 ಎಂಎಂಗೆ ಕಡಿಮೆ ಬೇಡ. ಭೂಕಂಪ ನಿಯಮ ಐಎಸ್ 13920ರ ಪ್ರಕಾರ ತುದಿಗಳಲ್ಲಿ ರಿಂಗಿನ ಅಂತರ ಮೂರು ಲೆಕ್ಕಗಳಲ್ಲಿ ಚಿಕ್ಕದು: ಕಾಲಂ ಅಗಲದ ಕಾಲು ಭಾಗ, ಉದ್ದ ಸರಳಿನ ದಪ್ಪದ ಆರು ಪಟ್ಟು, 100 ಎಂಎಂ. ಇಲ್ಲಿ 300ರ ಕಾಲು ಭಾಗ 75 ಎಂಎಂ ಬರುತ್ತದೆ (ಉದ್ದ ಸರಳು 12 ಎಂಎಂ ಆದರೆ 72). ನಿಯಮ ಕೇಳುವುದು ತುದಿಗಳಿಗೆ ಮಾತ್ರ; ರಸ್ತೆ ಬದಿಯಲ್ಲಿ ಬುಡದಿಂದ 2 ಮೀಟರ್ ತನಕ ಇದೇ ಅಂತರ ಇಡಿ. ರಿಂಗಿನ ಕೊಕ್ಕೆ 135 ಡಿಗ್ರಿ ಒಳಮುಖ, ಮಡಿಕೆಯಿಂದಾಚೆಯ ಬಾಲ 65 ಎಂಎಂಗೆ ಕಡಿಮೆಯಿಲ್ಲ. 90 ಡಿಗ್ರಿ ಮಡಿಚಿದರೆ ಹೊರಪದರ ಉದುರಿದೊಡನೆ ರಿಂಗು ಬಿಚ್ಚಿಕೊಳ್ಳುತ್ತದೆ. ಬಾರ್ ಬೆಂಡರ್ ಪಕ್ಕ ನಿಂತು ನೋಡಬೇಕಾದ್ದು ಇದನ್ನೇ. ಪ್ಲಿಂತ್ ಮೇಲೆ ಸರಳು ಜೋಡಿಸುವ ರೂಢಿ ಬಿಡಿ, ಪೆಟ್ಟು ಬೀಳುವುದು ಅಲ್ಲೇ. 12 ಮೀಟರ್ ಸರಳನ್ನು ಪಾಯದಿಂದ ಮೊದಲ ಮಹಡಿ ದಾಟಿಸಿ ಒಂದೇ ಉದ್ದಕ್ಕೆ ಒಯ್ಯಿರಿ.

ಇಷ್ಟೆಲ್ಲ ಮಾಡಿದರೂ ಶಿಯರ್ ತಾಕತ್ತು 160 ಕಿಲೋನ್ಯೂಟನ್ ಹತ್ತಿರ ಬರುತ್ತದೆ, 260ಕ್ಕೆ ಸಾಲದು. ಕಾಲಂನಿಂದ 450 ಎಂಎಂ ಮುಂದೆ 150 ಎಂಎಂ ಕಬ್ಬಿಣದ ಪೈಪ್ ನೆಟ್ಟು ಒಳಗೆ ಕಾಂಕ್ರೀಟ್ ತುಂಬಿ. ಮೇಲೆ 1 ಮೀಟರ್, ಕೆಳಗೆ 1 ಮೀಟರ್ ಇರಲಿ. ಎರಿ (ಕಪ್ಪು) ಮಣ್ಣಿದ್ದರೆ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವ ತನಕ ಅಗೆಯಿರಿ. ಎರಿ ಮಳೆಗೆ ಮೆತ್ತಗಾಗಿ ಪೈಪನ್ನು ಹಿಡಿಯುವುದಿಲ್ಲ. ಪೈಪು ಕಾಲಂಗೆ ತಾಗಕೂಡದು. ಕಾಲಂ ಮೂಲೆಗೆ ಬಡಿಯುವ ಕಬ್ಬಿಣದ ಆ್ಯಂಗಲ್ ಉಳಿಸುವುದು ಗಿಲಾಯಿಯನ್ನಷ್ಟೆ (ಪ್ಲಾಸ್ಟರ್)!

ಈಗಾಗಲೇ ಗುದ್ದಿದ್ದರೆ ಮೊದಲು ಎರಡೂ ಬದಿಯ ಬೀಮ್‌ಗೆ ಜಾಕಿ ಕೊಡಿ, ಆಮೇಲೆ ಗಿಲಾಯಿ ಕೆತ್ತಿಸಿ. ಗುದ್ದಿದ ಎದುರು ಬದಿಯಲ್ಲಿ ಕೂದಲೆಳೆಯಂಥ ಅಡ್ಡ ಬಿರುಕಾದರೆ ಬಾಗಿದ ಗುರುತು, ಸಾಮಾನ್ಯವಾಗಿ ಎಪಾಕ್ಸಿ ಅಂಟು ತುಂಬಿದರೆ ಆದೀತು. ಓರೆ ಬಿರುಕು, ಬಿಚ್ಚಿದ ರಿಂಗು, ಡೊಂಕಾದ ಸರಳು ಕಂಡರೆ ಗೌಂಡಿಯ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು. ಕಾಲಂ ಸುತ್ತ ಕನಿಷ್ಠ 100 ಎಂಎಂ ದಪ್ಪದ ಜಾಕೆಟ್ (ಹೊಸ ಕಾಂಕ್ರೀಟ್ ಹೊದಿಕೆ), ಪಾಯಕ್ಕೆ ಇಳಿಸಿದ ಹೊಸ ಸರಳು ಬೇಕಾಗುತ್ತದೆ. ಆ ಕಾಂಕ್ರೀಟ್‌ಗೆ 28 ದಿನ ತುಂಬುವ ತನಕ ಜಾಕಿ ತೆಗೆಯಬೇಡಿ.